ಬಲಗಡೆಯ ಎದೆಬಡಿತ

ಮಂಗಳವಾರ, ಮಧ್ಯಾಹ್ನ
ಕಚೇರಿಯ ಕಾಫಿ ಕೋಣೆಯಿಂದ

ಪುಟ್ಟಿಯ ಅಪ್ಪನವರಿಗೆ,

ನಮಸ್ಕಾರ. ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವರನ್ನು ಹಾಗೆ ಕೇಳಿದರೆ ನೀವು ಹುಬ್ಬು ಗಂಟಿಕ್ಕುತ್ತೀರಿ. ಇತ್ತ ನಾನು ಕ್ಷೇಮ ಎಂದು ಬರೆಯುವ ಹಾಗೂ ಇಲ್ಲ. ಹೆದರಿದ್ದೇನೆ. ಇಷ್ಟು ವರ್ಷಗಳ ಮೇಲೆ ಬರೆಯುವ ಮೊದಲ ಕಾಗದ ಹೀಗೆ ಶುರುವಾಗಬೇಕೇ ಎಂದು ನನಗೂ ಅನ್ನಿಸುತ್ತದೆ. ಆದರೆ ಸುತ್ತಿ ಬಳಸಿ ಹೇಳಲು ಈಗ ಹೊತ್ತಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ಈಗ ನಿಮ್ಮ ಎದೆಗೆ ಜಗಳ ಆಗದು. ಕಾಗದದ ಜೊತೆ ವಾದಕ್ಕೆ ಇಳಿಯಲು ನಿಮಗೂ ಬರುವುದಿಲ್ಲ. ನಾಳೆ ಬೆಳಿಗ್ಗೆ ಪುಟ್ಟಿ ಇಲ್ಲಿಗೆ ಬಂದು ಇದನ್ನು ಒಯ್ಯುತ್ತಾಳೆ. ನಿಮ್ಮನ್ನು ಒಳಗೆ ಕರೆದೊಯ್ಯುವ ಮುಂಚೆ ಓದಿ. ಪೂರ್ತಿ ಓದಿ. ಅರ್ಧ ಓದಿ ಮಡಿಸಿ ದಿಂಬಿನ ಕೆಳಗೆ ತುರುಕುವ ಚಾಳಿ ಇವತ್ತೊಂದು ದಿನ ಬೇಡ.

ನಿನ್ನೆ ಪುಟ್ಟಿ ಅದೂ ಇದೂ ಮಾತಾಡುತ್ತಿದ್ದವಳು ಬಾಯಿ ಜಾರಿ ಎಲ್ಲ ಹೇಳಿಬಿಟ್ಟಳು. ನೀವು ಶಾಲೆಯ ಮೈದಾನದಲ್ಲಿ ಬಿದ್ದದ್ದು, ಆಸ್ಪತ್ರೆಗೆ ಸೇರಿದ ಮೇಲೂ ಎದೆ ಹಾಗೇ ಹುಚ್ಚೆದ್ದು ಓಡಿದ್ದು, ಬುಧವಾರ ತೊಡೆಯಿಂದ ತಂತಿ ತೂರಿಸಿ ಹೃದಯದೊಳಗೆ ಆ ಹುಚ್ಚು ಬಡಿತ ಹುಟ್ಟುವ ಜಾಗವನ್ನು ಸುಡುತ್ತಾರೆ ಎನ್ನುವುದು. ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಅಪ್ಪನ ಹೃದಯದ ಸ್ಕ್ಯಾನ್ ನಿಮ್ಮ ಕಂಪ್ಯೂಟರಿಗೇ ಕಳ್ಸಿದಾರಂತೆ. ನಾನು ಹೇಳ್ದೆ ಅಂತ ಅಪ್ಪಂಗೆ ಹೇಳ್ಬೇಡ" ಎಂದಳು. ಅವಳನ್ನು ಬೈಯಬೇಡಿ. ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದ ಬರುವುದಿಲ್ಲ.

ನಾನೇನು ಕೆಲಸ ಮಾಡುತ್ತೇನೆಂದು ನೀವು ಎಂದೂ ಸರಿಯಾಗಿ ಕೇಳಲಿಲ್ಲ. ದೊಡ್ಡ ಕ್ಯಾಲ್ಕುಲೇಟರಿನ ಧೂಳು ಒರೆಸುತ್ತಾಳೆ ಎಂದು ನಿಮ್ಮ ಶಾಲೆಯವರ ಮುಂದೆ ನಗಾಡಿದ್ದೀರಿ. ಈಗ ಕೇಳಿಸಿಕೊಳ್ಳಿ, ಏಕೆಂದರೆ ನಾಳೆ ನಿಮ್ಮ ಜೀವ ಅದೇ ಕ್ಯಾಲ್ಕುಲೇಟರಿನ ಮಾತಿನ ಮೇಲೆ ನಿಂತಿದೆ. ಆಸ್ಪತ್ರೆಯಿಂದ ಬಂದ ಸ್ಕ್ಯಾನಿನಿಂದ ನಾವು ಆ ಹೃದಯದ ಒಂದು ಪ್ರತಿಯನ್ನು ಕಟ್ಟುತ್ತೇವೆ. ಅದನ್ನು ಲಕ್ಷಾಂತರ ಚೂರುಗಳಾಗಿ ಒಡೆಯುತ್ತೇವೆ. ಪ್ರತಿ ಚೂರೂ ಕ್ಷಣಕ್ಕೆ ಸಾವಿರ ಸಲ ಪಕ್ಕದ ಚೂರನ್ನು, ಹೃದಯ ಬಡಿಸುವ ವಿದ್ಯುತ್ತಿನ ಮಿಂಚು ನಿನ್ನ ಹತ್ತಿರ ಬಂತಾ, ನನ್ನ ಹತ್ತಿರ ಯಾವಾಗ ಬರುತ್ತೆ ಎಂದು ಕೇಳಿಕೊಳ್ಳುತ್ತಾ ಹೋಗಬೇಕು. ಹಾಗೆ ಕೇಳಿ ಕೇಳಿ ಒಂದು ಬಡಿತ ಆಗುತ್ತದೆ. ನಮಗೆ ಅಂಥ ಸಾವಿರಾರು ಬಡಿತ ಬೇಕು. ಮನೆಯ ಕಂಪ್ಯೂಟರಿಗೆ ಕೊಟ್ಟರೆ ಮುಗಿಯುವಷ್ಟರಲ್ಲಿ ರೋಗಿಯ ಕಥೆಯೇ ಮುಗಿದಿರುತ್ತದೆ. ಅದಕ್ಕೇ ಈ ಸೂಪರ್ ಕಂಪ್ಯೂಟರ್. ಗಾಜಿನ ಗೋಡೆಯ ಆಚೆ ಸಾಲು ಸಾಲು ಕಪ್ಪು ಕಪಾಟು, ಮೈ ಕೊರೆಯುವ ತಂಪು, ಪಕ್ಕದವರ ಮಾತು ಕೇಳಿಸದಷ್ಟು ಫ್ಯಾನುಗಳ ಸದ್ದು. ಎಲ್ಲರ ಕೆಲಸವನ್ನೂ ಸರದಿಯಲ್ಲಿ ನಿಲ್ಲಿಸಿ, ಯಾರ ಗೋಗರೆತಕ್ಕೂ ಜಗ್ಗದೆ ಬಡಿಸುವುದರಿಂದ ನಾವು ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದೇವೆ.

ಇವತ್ತು ಬೆಳಿಗ್ಗೆ ಬಂದವಳೇ ಮಾಡಬಾರದ ಕೆಲಸ ಮಾಡಿದೆ. ನಮಗೆ ಬರುವ ಹೃದಯಗಳಿಗೆ ಹೆಸರಿರುವುದಿಲ್ಲ. ಆಸ್ಪತ್ರೆಯಿಂದ ಹೊರಡುವಾಗಲೇ ಒಂದು ತಂತ್ರಾಂಶ ಹೆಸರು, ವಿಳಾಸ ಎಲ್ಲವನ್ನೂ ಅಳಿಸಿ ಒಂದು ಸಂಖ್ಯೆ ಅಂಟಿಸುತ್ತದೆ. ಯಾರದೆಂದು ಹುಡುಕಕೂಡದು. ನಾನು ಹುಡುಕಿದೆ. ನಿಮ್ಮ ಆಸ್ಪತ್ರೆಯಿಂದ ಈ ವಾರ ಬಂದದ್ದು ಒಂದೇ ಒಂದು. ಲೆಕ್ಕ ಮುಗಿದು, ವರದಿ ನಿನ್ನೆ ಸಂಜೆಯೇ ಡಾಕ್ಟರ ಕೈ ಸೇರಿತ್ತು. ಸುಡಬೇಕಾದ ಜಾಗ ಮುಂದಿನ ಗೋಡೆಯಲ್ಲಿದೆ, ಸುಲಭದ ಕೇಸು ಎಂದಿತ್ತು. ಸ್ಕ್ಯಾನ್ ತೆರೆದೆ. ಹೃದಯ ಎಡಗಡೆಗಿತ್ತು.

ಅಬ್ಬಾ ಎನ್ನಿಸಿತು. ನಿಮ್ಮದು ಹುಟ್ಟಿನಿಂದ ಬಲಗಡೆಗಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳಿಗೆ ದಿನವಿಡೀ ಎಡ ಬಲ ಎಡ ಬಲ ಎಂದು ಕೂಗುವ ಡ್ರಿಲ್ ಮೇಷ್ಟ್ರ ಹೃದಯವೇ ಸಾಲು ತಪ್ಪಿ ನಿಂತಿದೆ ಎಂದು ನಿಮ್ಮನ್ನು ಎಷ್ಟು ಗೋಳುಹೊಯ್ದುಕೊಂಡಿಲ್ಲ! ಹಾಗಾದರೆ ಇದು ಬೇರೆ ಯಾರದೋ. ಬೇರೆ ಯಾರದೋ ಎಂದು ಖುಷಿಪಟ್ಟೆ, ನಾಚಿಕೆಬಿಟ್ಟು ಹೇಳುತ್ತೇನೆ. ಆ ಬೇರೆಯವರಿಗೂ ಮನೆಯಲ್ಲಿ ಒಬ್ಬಳು ಇರಬಹುದು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಮುಚ್ಚಬೇಕು ಎನ್ನುವಷ್ಟರಲ್ಲಿ ಪಕ್ಕೆಲುಬುಗಳ ಮೇಲೆ ಕಣ್ಣು ಬಿತ್ತು. ಎರಡು ಎಲುಬು ಮುರಿದು, ವಕ್ರವಾಗಿ ಕೂಡಿಕೊಂಡಿದ್ದವು, ಕೆಳಗಿನದು ಮೇಲಿನದನ್ನು ಸ್ವಲ್ಪ ಒತ್ತಿಕೊಂಡು. ಪುಟ್ಟಿಗೆ ಸೈಕಲ್ ಕಲಿಸಲು ಹೋಗಿ, ಅವಳು ಬೀಳದಂತೆ ಹಿಡಿದು ನೀವೇ ಕಲ್ಲು ಬೆಂಚಿಗೆ ಅಪ್ಪಳಿಸಿದ್ದಿರಲ್ಲ, ಆ ಎಕ್ಸರೇ ಹಿಡಿದುಕೊಂಡು ಡಾಕ್ಟರ ಕೋಣೆಯ ಮುಂದೆ ಕೂತವಳು ನಾನೇ. ಅದೇ ಎರಡು. ಅದೇ ವಕ್ರ. ಆದರೆ ತೆರೆಯ ಮೇಲೆ ಅವು ಬಲಗಡೆಗಿದ್ದವು. ನಿಮಗೆ ಮುರಿದದ್ದು ಎಡಗಡೆ. ಆ ಚಳಿಗಾಲವಿಡೀ ಎಡಗಡೆ ಬೆರಳು ತಾಕಿದರೂ ನೀವು ಚೀರುತ್ತಿದ್ದಿರಿ, ಸದ್ಯ ಹೃದಯ ಈ ಕಡೆಗಿದೆಯಲ್ಲ ಎಂದುಕೊಂಡು ನಾನು ಬಲಗಡೆಗೆ ತಲೆಯಿಟ್ಟು ಮಲಗುತ್ತಿದ್ದೆ.

ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಯಾರೋ ನಿಮ್ಮ ಎದೆಯನ್ನು ಕನ್ನಡಿಯೊಳಗಿನ ಹಾಗೆ ತಿರುಗಿಸಿಬಿಟ್ಟಿದ್ದರು.

ಆದರೆ ಹೇಳುವುದಕ್ಕೂ ಹೆದರಿಕೆ. ಎಡಗಡೆ ಹೃದಯವಿದ್ದು ಬಲಗಡೆ ಪಕ್ಕೆಲುಬು ಮುರಿದವರು ಊರಿಗೆ ನೂರು ಮಂದಿ ಇರುತ್ತಾರೆ. ಇದು ಅಂಥವರೊಬ್ಬರ ಎದೆಯಾಗಿದ್ದು, ನನ್ನ ಭಯಕ್ಕೆ ಬಿದ್ದು ಸರಿಯಿದ್ದುದನ್ನು ನಾನೇ ಉಲ್ಟಾ ಮಾಡಿಸಿದರೆ? ಕೊನೆಗೆ ಮುಖ್ಯಸ್ಥೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಕೆ ಒಳ್ಳೆಯ ಹೆಂಗಸು, ಆದರೆ ನಿಯಮ ಎಂದರೆ ನಿಯಮ. ಸ್ಕ್ಯಾನಿನಿಂದ ಹೃದಯದ ಪ್ರತಿ ಕಟ್ಟುವ ನಮ್ಮ ಸಹೋದ್ಯೋಗಿಯನ್ನೂ ಕರೆಸಿದರು. ಚೂರುಗಳ ಜಾಲರಿ ಹೆಣೆಯುವುದರಿಂದ ಎಲ್ಲರೂ ಅವರನ್ನು ಜಾಲರಿ ಅಣ್ಣ ಎನ್ನುತ್ತೇವೆ. "ಇದು ಉಲ್ಟಾ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಮುಖ್ಯಸ್ಥೆ ಕೇಳಿದರು. ನಾನು, "ಇವರು ನಮ್ಮನೆಯವರು" ಎಂದೆ. ಎಷ್ಟು ಕಾಲವಾಗಿತ್ತು ಆ ಮಾತು ನನ್ನ ಬಾಯಲ್ಲಿ ಬಂದು! ಜಾಲರಿ ಅಣ್ಣ ಕಣ್ಣರಳಿಸಿ, "ನಿಮಗೆ ಮದ್ವೆ ಆಗಿದ್ಯಾ?" ಎಂದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಆಮೇಲೆ ಅವರ ಮುಖ ಸುಣ್ಣ ಬಳಿದ ಹಾಗಾಯಿತು. ತಿರುಗಿಸಿದ್ದು ಅವರೇ. ನಿಮ್ಮ ಆಸ್ಪತ್ರೆಯ ಹಳೆಯ ಸ್ಕ್ಯಾನ್ ಯಂತ್ರದಿಂದ ಹಿಂದೆ ಕೆಲವು ಸಲ ಚಿತ್ರಗಳು ಎಡಬಲ ಅದಲುಬದಲಾಗಿ ಬಂದಿದ್ದವಂತೆ. ಈ ಸಲವೂ ಹೃದಯ ಬಲಕ್ಕೆ ಕಂಡಾಗ ಇದೂ ಅದೇ ತಾಪತ್ರಯ ಎಂದುಕೊಂಡು, ಒಂದು ಗುಂಡಿ ಒತ್ತಿ ಸರಿಮಾಡಿದ್ದರು. ಸರಿಮಾಡಿದ್ದರು! ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಲೂ ಆಗುತ್ತಿಲ್ಲ.

ಮುಖ್ಯಸ್ಥೆ ಸಂಖ್ಯೆ ಹೇಳಿ ಡಾಕ್ಟರಿಗೆ ಫೋನ್ ಹಚ್ಚಿದರು. "ಹೌದು, ಬಲಗಡೆನೇ. ಟಿಪ್ಪಣೀಲಿ ದೊಡ್ಡದಾಗಿ ಬರ್ದಿದ್ದೆನಲ್ಲ!" ಎಂದರು ಅವರು. ಬರೆದಿದ್ದರು, ನಿಜ. ಹೆಸರು ಅಳಿಸುವ ತಂತ್ರಾಂಶ, ಟಿಪ್ಪಣಿಯಲ್ಲೆಲ್ಲಾದರೂ ಹೆಸರು ಅಡಗಿದ್ದೀತು ಎಂದು ಇಡೀ ಟಿಪ್ಪಣಿಯನ್ನೇ ಅಳಿಸಿ ಕಳಿಸಿತ್ತು. ನಿಮ್ಮ ಹೆಸರನ್ನು ಕಾಪಾಡಲು ಹೋಗಿ ನಿಮ್ಮ ಹೃದಯದ ಗುರುತು ಕಳೆದಿತ್ತು.

ಆಮೇಲೆ ಡಾಕ್ಟರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಮಾದರಿ ಎಡಕ್ಕಿರೋದು ನೋಡ್ದೆ. ಲೆಕ್ಕದ ಅನುಕೂಲಕ್ಕೆ ನೀವು ಹಾಗೆ ಮಾಡಿರ್ಬೇಕು ಅಂದ್ಕೊಂಡೆ. ನಾಳೆ ವಾಪಸ್ ತಿರುಗಿಸ್ಕೊಂಡು ಸುಡೋನಿದ್ದೆ." ತಿರುಗಿಸಿಕೊಂಡರೆ ಆಕಾರ ಅಚ್ಚುಕಟ್ಟಾಗಿ ಕೂರುತ್ತಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೆ ಹೃದಯದ ಸ್ನಾಯುವಿನ ಎಳೆಗಳು ಹಗ್ಗದ ಹಾಗೆ ಹೊಸೆದುಕೊಂಡಿರುತ್ತವೆ, ಮಿಂಚು ಆ ಎಳೆ ಹಿಡಿದೇ ಓಡುತ್ತದೆ. ಬಲಗಡೆಯ ಹೃದಯದಲ್ಲಿ ಆ ಹೊಸೆತ ಎಡದ್ದರ ಹಾಗೂ ಇರುವುದಿಲ್ಲ, ಪೂರ್ತಿ ಕನ್ನಡಿಯ ಹಾಗೂ ಇರುವುದಿಲ್ಲ. ಎಡಗಡೆಯ ಹೊಸೆತ ಹಾಕಿ ಮಾಡಿದ ಲೆಕ್ಕ ನಿಮಗೆ ಬೇರೆಯೇ ಜಾಗ ತೋರಿಸುತ್ತದೆ. ನಾಳೆ ಅವರು ನಿಮ್ಮ ಆರೋಗ್ಯವಾಗಿರುವ ಗೋಡೆಯನ್ನು ಸುಟ್ಟು, ಆಯಿತು ಎಂದು ಹೊಲಿಗೆ ಹಾಕಿ, ನಿಮ್ಮನ್ನು ಮನೆಗೆ ಕಳಿಸುತ್ತಿದ್ದರು.

ಮುಂದೂಡುವ ಹಾಗಿಲ್ಲವಂತೆ, ನಿಮ್ಮ ಎದೆ ಪದೇ ಪದೇ ಹಾಗಾಗುತ್ತಿದೆಯಂತೆ. ನಾಳೆ ಬೆಳಿಗ್ಗೆಯೊಳಗೆ ಹೊಸ ಲೆಕ್ಕ ಬರಬೇಕು. ಬಾರದಿದ್ದರೆ ನಿಮ್ಮ ನಿಜವಾದ ಹೃದಯವನ್ನೇ ಕೆರಳಿಸಿ ಕೆರಳಿಸಿ ಹುಡುಕುತ್ತಾರೆ. ನಿಮ್ಮ ಎದೆ ಅಷ್ಟು ಹೊತ್ತು ತಡೆಯುತ್ತದೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಇಷ್ಟಾದ ಮೇಲೆ ಮುಖ್ಯಸ್ಥೆ ನನ್ನ ಭುಜ ಮುಟ್ಟಿ, "ನಿಮ್ಮನೆಯವರು ಅಂತ ಗೊತ್ತಾದ್ಮೇಲೆ ನೀವು ಈ ಕೆಲಸ ಮುಟ್ಟೋ ಹಾಗಿಲ್ಲ" ಎಂದರು. ಸರಿಯಾದ ಮಾತು. ನಡುಗುವ ಕೈಗಳಿಂದ ಲೆಕ್ಕ ಕಟ್ಟಬಾರದು. ಹಾಗಾಗಿ ಕಾಫಿ ಕೋಣೆಯಲ್ಲಿ ಕೂತಿದ್ದೇನೆ. ನಡುವೆ ಗಾಜು. ಆಚೆ ಜಾಲರಿ ಅಣ್ಣ ನಿಮ್ಮ ಹೃದಯವನ್ನು ಮೊದಲಿನಿಂದ ಹೆಣೆಯುತ್ತಿದ್ದಾರೆ. ಒಂದು ಸಲ ಕೆಡಿಸಿದ ಕೈಯೇ ಈಗ ಕಟ್ಟುತ್ತಿದೆ, ನಾನು ಬರೀ ನೋಡಬೇಕು.

ಸಂಜೆ

ಕಾಗದ ಅಲ್ಲಿಗೇ ನಿಲ್ಲಿಸಿದ್ದೆ. ಸ್ಕ್ಯಾನಿನಲ್ಲಿ ಕಾಣದ ಆ ಎಳೆಗಳ ಹೊಸೆತವನ್ನು ಹಲವು ಬಗೆಯಲ್ಲಿ ಊಹಿಸಿ, ಅಷ್ಟನ್ನೂ ಓಡಿಸಿ, ಎಲ್ಲದರಲ್ಲೂ ಒಂದೇ ಜಾಗ ತೋರಿದರೆ ಮಾತ್ರ ನಂಬಬೇಕು ಎಂದು ತೀರ್ಮಾನವಾಯಿತು. ಅದಕ್ಕೆ ದೊಡ್ಡಮ್ಮನ ಮುಕ್ಕಾಲು ಪಾಲು ಬೇಕು. ಆದರೆ ಸರದಿಯಲ್ಲಿ ನಮಗಿಂತ ಮುಂದೆ ಒಬ್ಬ ಮೇಡಂ ಇದ್ದರು. ಎಳೆ ಮಕ್ಕಳ ಶ್ವಾಸಕೋಶದ ಒಂದು ಕಾಯಿಲೆಯಲ್ಲಿ ಯಾವುದೋ ಪ್ರೋಟೀನು ತಪ್ಪಾಗಿ ಮಡಿಸಿಕೊಳ್ಳುತ್ತದಂತೆ, ಅದಕ್ಕೆ ಔಷಧ ಎಲ್ಲಿ ಅಂಟುತ್ತದೆ ಎಂದು ಹುಡುಕುತ್ತಾರೆ. ಮಡಿಕೆ ಮೇಡಂ ಎಂದೇ ನಾವು ಕರೆಯುವುದು. ಸರದಿಗೆ ಅವರೂ ವಾರಗಟ್ಟಲೆ ಕಾದವರು, ಅವರ ಲೆಕ್ಕದ ಹಿಂದೆಯೂ ಯಾರದೋ ಕೂಸುಗಳಿವೆ. ಕೇಳಲು ನನಗೆ ನಾಲಿಗೆ ಏಳಲಿಲ್ಲ. ಮುಖ್ಯಸ್ಥೆ ಕೇಳಿದರು.

ಮೇಡಂ ಕಾಫಿ ಕೋಣೆಗೇ ಬಂದರು. "ನಂದು ಇದ್ದಲ್ಲೇ ಉಳಿಸಿಟ್ಟು ನಿಲ್ಲಿಸಿದೀನಮ್ಮ, ಆಮೇಲೆ ಅಲ್ಲಿಂದಾನೇ ಶುರು ಮಾಡ್ಬಹುದು. ಹೃದಯಕ್ಕೆ ಆ ಸೌಕರ್ಯ ಇಲ್ವಲ್ಲ" ಎಂದು ನನ್ನ ಲೋಟಕ್ಕೆ ಅವರೇ ಕಾಫಿ ಬಗ್ಗಿಸಿ ಹೋದರು. ಆಗ ಅಳು ಬಂತು. ಬೆಳಗಿನಿಂದ ತಡೆದದ್ದು ಅಷ್ಟೂ ಬಂತು.

ಓಟ ಶುರುವಾಯಿತು, ಸ್ವಲ್ಪ ಹೊತ್ತಿಗೆ ನಿಂತೂ ಹೋಯಿತು. ಲೆಕ್ಕ ಒಡೆಯಿತು. ಎಲ್ಲೋ ಒಂದು ಕಡೆ ಚೂರುಗಳು ಚಪ್ಪಟೆಯಾಗಿ, ಅಂಕಿಗಳು ಹಿಡಿತ ತಪ್ಪಿ ಹಾರಿಹೋಗಿದ್ದವು. ಜಾಲರಿ ಅಣ್ಣ ಮತ್ತೆ ಹಚ್ಚಿದರು, ಮತ್ತೆ ಒಡೆಯಿತು. ಅವರು ತಲೆ ಮೇಲೆ ಕೈ ಹೊತ್ತು ಕೂತದ್ದು ಗಾಜಿನಿಂದ ಕಂಡಿತು. ನನಗೆ ಗೊತ್ತಿತ್ತು ಎಲ್ಲಿ ಎಂದು. ಆ ವರ್ಷ ನಿಮಗೆ ಜ್ವರ ಬಂದು ಹೃದಯದ ಸ್ನಾಯುವೇ ಬಾತುಕೊಂಡಿತ್ತಲ್ಲ, ಮಲಗಿ ಎಂದರೂ ಕೇಳದೆ ಆಟೋಟದ ದಿನ ಎಂದು ಮೈದಾನಕ್ಕೆ ಓಡಿದಿರಲ್ಲ, ಅದರ ಗಾಯದ ಕಲೆ ಒಳಗೆ ಉಳಿದಿದೆ. ಅಲ್ಲಿ ಗೋಡೆ ತೆಳ್ಳಗಿದೆ. ಈ ಹುಚ್ಚು ಬಡಿತವೂ ಆ ಕಲೆಯ ಅಂಚಿನಲ್ಲೇ ಎಲ್ಲೋ ಹುಟ್ಟುತ್ತಿರಬೇಕು.

ಮುಟ್ಟಬಾರದು ಎಂದಿದ್ದರು, ಮುಟ್ಟಲಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಮಾರ್ಕರಿನಿಂದ "ಕಲೆಯ ಅಂಚು! ಚೂರು ಇನ್ನೂ ಸಣ್ಣ ಮಾಡಿ!" ಎಂದು ಬರೆದು ಗಾಜಿಗೆ ಒತ್ತಿ ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ, ತೋಳು ನೋಯುತ್ತಿತ್ತು. ಮೊದಲು ನೋಡಿದ್ದು ಮುಖ್ಯಸ್ಥೆ. ಅವರು ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು, ಆಮೇಲೆ ಜಾಲರಿ ಅಣ್ಣನ ಬೆನ್ನು ತಟ್ಟಿ ನನ್ನ ಕಡೆ ತಿರುಗಿಸಿ, ತಾವು ಮಾತ್ರ ಕಿಟಕಿಯ ಹೊರಗೆ ಏನೋ ವಿಶೇಷ ಇರುವವರಂತೆ ಆ ಕಡೆ ಹೋಗಿ ನಿಂತರು.

ಈಗ ಓಡುತ್ತಿದೆ. ಗೋಡೆಯ ಮೇಲಿನ ತೆರೆಯಲ್ಲಿ ಕಾಣುತ್ತಿದೆ, ಬಲಗಡೆಗಿರುವ ನಿಮ್ಮ ಹೃದಯ. ಹುಚ್ಚು ಬಡಿತ ಎಲ್ಲಿ ಹುಟ್ಟುತ್ತದೆಂದು ತಿಳಿಯಬೇಕಾದರೆ ಅದನ್ನು ಹುಟ್ಟಿಸಿಯೇ ನೋಡಬೇಕು. ಒಂದೊಂದು ಜಾಗದಲ್ಲಿ ಚುಚ್ಚುತ್ತೇವೆ, ಕೆಲವು ಸಲ ಬಡಿತ ತಡವರಿಸಿ ಸರಿಹೋಗುತ್ತದೆ. ಕೆಲವು ಸಲ ಮಿಂಚಿನ ಅಲೆ ಗಾಯದ ಸುತ್ತ ಸುತ್ತಲು ಹತ್ತುತ್ತದೆ, ಸುತ್ತುತ್ತಾ ಸುತ್ತುತ್ತಾ ಚೂರುಚೂರಾಗುತ್ತದೆ, ಇಡೀ ಹೃದಯ ಬರೀ ನಡುಗುತ್ತದೆ, ರಕ್ತ ತಳ್ಳುವುದಿಲ್ಲ. ನಾವು ಅದನ್ನು ಅಳಿಸಿ ಮತ್ತೆ ಮೊದಲಿನಿಂದ ಬಡಿಸುತ್ತೇವೆ. ಬೇರೆಯವರ ಹೃದಯಗಳಿಗೆ ಹೀಗಾಗುವಾಗ ನಾನು ತಿಂಡಿ ತಿನ್ನುತ್ತಾ ನೋಡಿದ್ದೇನೆ. ಇವತ್ತು ಪ್ರತಿ ಸಲ ಅದು ನಡುಗಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿದೆ. ಲೆಕ್ಕದಲ್ಲಿ ನೀವು ಎಷ್ಟು ಸಲ ಸತ್ತಿರೋ, ಎಷ್ಟು ಸಲ ಎದ್ದಿರೋ. ಕಣ್ಣು ಮುಚ್ಚಿಕೊಳ್ಳೋಣ ಎಂದರೆ, ನಾನು ಕಣ್ಣು ಮುಚ್ಚಿದ ಹೊತ್ತಿಗೇ ಅದು ಏಳದೆ ಹೋದರೆ ಎನ್ನುವ ಹುಚ್ಚು ಹೆದರಿಕೆ.

ಈ ಹೆದರಿಕೆ ಹೊಸದಲ್ಲ. ನಿಮಗೂ ಗೊತ್ತು. ಆ ಜ್ವರದ ನಂತರ ನಾನು ನಿಮ್ಮ ಎದೆಗೆ ಕಿವಿಯಿಟ್ಟು ಮಲಗಿದಾಗಲೆಲ್ಲ ನಡುನಡುವೆ ಒಂದು ಬಡಿತ ತಪ್ಪುತ್ತಿತ್ತು. ತಪ್ಪಿದಾಗ ನಾನು ಉಸಿರು ಹಿಡಿಯುತ್ತಿದ್ದೆ, ನಿಮಗೆ ಎಚ್ಚರವಾಗುತ್ತಿತ್ತು. ಬೆಳಗಾದರೆ ಡಾಕ್ಟರ ಹತ್ತಿರ ಹೋಗಿ ಎಂದು ನನ್ನ ರಾಗ, ನನಗೇನಾಗಿದೆ ಎಂದು ನಿಮ್ಮ ರಾಗ. ಕೊನೆಗೊಂದು ದಿನ ನನ್ನ ತಲೆಯನ್ನು ಸರಿಸಿ, "ನೀನು ಕಿವಿ ಇಡೋದು ಪ್ರೀತಿಗಲ್ಲ ಕಣೆ, ತಪಾಸಣೆಗೆ" ಎಂದಿರಿ. ಆ ಮಾತು ನನಗೆ ಎಲ್ಲಿ ನಾಟಿತೆಂದು ಯಾವ ಸ್ಕ್ಯಾನಿನಲ್ಲೂ ಕಾಣದು. ನಾನು ಬೇರೆ ಮನೆ ಹುಡುಕಿಕೊಂಡೆ. ನೀವು ತಡೆಯಲಿಲ್ಲ.

ಬುಧವಾರ, ಬೆಳಿಗ್ಗೆ

ರಾತ್ರಿ ಮುಖ್ಯಸ್ಥೆ, ಮನೆಗೆ ಹೋಗಿ ಮಲಗಿ ಎಂದರು. ಹೋದೆ, ಮಲಗಿದೆ, ನಿದ್ದೆ ಮಾತ್ರ ಬರಲಿಲ್ಲ. ಬೆಳಕು ಹರಿಯುವ ಮುಂಚೆಯೇ ಮತ್ತೆ ಇಲ್ಲಿದ್ದೇನೆ. ಎಲ್ಲ ಓಟಗಳೂ ಮುಗಿದಿವೆ. ಹೊಸೆತ ಹೇಗೇ ಊಹಿಸಿದರೂ ಒಂದೇ ಜಾಗ ತೋರುತ್ತಿದೆ, ಮೊದಲಿನ ವರದಿ ಹೇಳಿದ ಜಾಗ ಅದಲ್ಲವೇ ಅಲ್ಲ. ಜಾಲರಿ ಅಣ್ಣ ಹೊಸ ವರದಿ ಕಳಿಸಿ, ಡಾಕ್ಟರ ಬಾಯಿಂದ "ಬಲಗಡೆ" ಎಂದು ಮೂರು ಸಲ ಹೇಳಿಸಿಕೊಂಡು ಫೋನ್ ಇಟ್ಟರು. ನನ್ನ ಕಡೆ ಬಂದು ನನ್ನ ಲೋಟ ತೊಳೆದಿಟ್ಟು ಹೋದರು.

ಜಾಗ ಸಿಕ್ಕಿದೆ. ಧೈರ್ಯವಾಗಿರಿ. ಹೊರಗೆ ಪುಟ್ಟಿ ಸ್ಕೂಟರಿನ ಹಾರ್ನ್ ಹೊಡೆಯುತ್ತಿದ್ದಾಳೆ, ನಿಲ್ಲಿಸುತ್ತೇನೆ.

ಇಂತಿ,
ಪುಟ್ಟಿಯ ಅಮ್ಮ

ತಾಜಾಕಲಂ: ಪುಟ್ಟಿಯನ್ನು ಗೇಟಿನಲ್ಲಿ ಕಾಯಿಸಿ ಮತ್ತೆ ಬರೆಯುತ್ತಿದ್ದೇನೆ. ಜಾಗ ಸಿಕ್ಕಿದೆ ಎಂದು ಬರೆದು ಮಿಕ್ಕಿದ್ದನ್ನು ನುಂಗಿಕೊಂಡಿದ್ದೆ. ಅದು ಸುಲಭದ ಜಾಗವಲ್ಲ. ಮಿಂಚನ್ನು ಇಡೀ ಹೃದಯಕ್ಕೆ ಒಯ್ಯುವ, ಹೃದಯದ್ದೇ ಆದ ಮುಖ್ಯ ತಂತಿಯ ಪಕ್ಕದಲ್ಲೇ ಇದೆ. ಸುಡುವಾಗ ಕೂದಲೆಳೆ ಆಚೀಚೆಯಾದರೆ ಆ ತಂತಿಯೂ ಹೋಗುತ್ತದೆ. ಆಗ ಬಡಿಸಲು ಎದೆಯಲ್ಲಿ ಒಂದು ಪುಟ್ಟ ಯಂತ್ರ ಇಡಬೇಕಾಗುತ್ತದೆ. ಡಾಕ್ಟರು ಅದಕ್ಕೆ ಮುಂಚೆಯೇ ನಿಮ್ಮ ಒಪ್ಪಿಗೆ ಕೇಳುತ್ತಾರೆ. ನೀವು, ಯಂತ್ರ ಇಟ್ಟುಕೊಂಡು ಬದುಕೋ ಮೇಷ್ಟ್ರು ನಾನಲ್ಲ ಎನ್ನುತ್ತೀರಿ. ಅನ್ನಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಒಪ್ಪಿಕೊಳ್ಳಿ. ಆ ಹೃದಯ ಏಳದೆ ಹೋದರೆ ಹೇಗಿರುತ್ತದೆಂದು ನಾನು ನಿನ್ನೆಯಿಡೀ ನೋಡಿದ್ದೇನೆ, ಇನ್ನೊಮ್ಮೆ ನೋಡಲಾರೆ.

*

ಬುಧವಾರ
ಒಳಗೆ ಹೋಗುವ ಮುಂಚೆ

ಗುಬ್ಬಿ,

ನಿನ್ನ ಕಾಗದ ಪೂರ್ತಿ ಓದಿದೆ. ದಿಂಬಿನ ಕೆಳಗೆ ಇಡಲಿಲ್ಲ. ನರ್ಸಮ್ಮ ಪಕ್ಕದಲ್ಲೇ ನಿಂತಿದ್ದಾರೆ, ಹತ್ತು ನಿಮಿಷ ಕೊಟ್ಟಿದ್ದಾರೆ, ಪೆನ್ನೂ ಅವರದೇ. ಮಲಗಿಕೊಂಡು ಬರೆಯುವುದರಿಂದ ಸಾಲು ಸೊಟ್ಟಗಿದೆ. ನಿನಗೆ ಓದಲು ಬರುತ್ತದೆ.

ಮೊದಲನೆಯದಾಗಿ, ಸಹಿ ಹಾಕಿದೆ. ಯಂತ್ರಕ್ಕೂ ಹಾಕಿದೆ. ಡಾಕ್ಟರು ವಿವರಿಸಲು ಬಾಯಿ ತೆಗೆಯುವ ಮುಂಚೆಯೇ ಪೆನ್ನು ಕೇಳಿದ್ದಕ್ಕೆ ಅವರೇ ತಬ್ಬಿಬ್ಬಾದರು. ನಿನಗೆ ಖುಷಿಯಾಗಲಿ ಎಂದು ಹೇಳುತ್ತಿಲ್ಲ. ಮೈದಾನದಲ್ಲಿ ಬಿದ್ದಾಗ ಮಕ್ಕಳು ಸುತ್ತ ನಿಂತಿದ್ದರು. ನನಗೆ ಆಕಾಶ ಕಾಣುತ್ತಿತ್ತು, ಸದ್ದು ಕೇಳಿಸುತ್ತಿರಲಿಲ್ಲ. ಆಗ ಹೆದರಿದೆ ಗುಬ್ಬಿ. ಈ ವಯಸ್ಸಿನವರೆಗೆ ಹೆದರಿದ್ದು ಅದೊಂದೇ ಸಲ ಎಂದು ಬರೆಯೋಣ ಅಂದುಕೊಂಡೆ, ಆದರೆ ಅದು ಸುಳ್ಳು. ನೀನು ಪೆಟ್ಟಿಗೆ ಕಟ್ಟಿಕೊಂಡು ಹೊರಟ ದಿನವೂ ಹೆದರಿದ್ದೆ. ತಡೆಯಲು ಬಾಯಿ ಬರಲಿಲ್ಲ.

ಎರಡನೆಯದು. ಮಗಳ ಬಾಯಿ ಜಾರಲಿಲ್ಲ. ನಾನೇ ಜಾರಿಸಿದೆ. ನಿಮ್ಮ ಅಮ್ಮನಿಗೆ ಹೇಳಬೇಡ ಎಂದು ಅವಳ ಮುಂದೆ ನಾಲ್ಕು ಸಲ ಹೇಳಿದೆ, ಹಾಗೆ ಹೇಳಿದರೆ ಅವಳು ಹೇಳಿಯೇ ತೀರುತ್ತಾಳೆಂದು ನನಗೆ ಗೊತ್ತು. ನಿನ್ನನ್ನು ನೇರವಾಗಿ ಕೇಳಲು ಮುಖವಿರಲಿಲ್ಲ. ಸ್ಕ್ಯಾನ್ ಮಾಡುವ ದಿನ ಅಲ್ಲಿಯವರೊಬ್ಬರು ನನ್ನ ಎಡಗಡೆಗೆ ಪಟ್ಟಿ ಅಂಟಿಸಲು ಬಂದರು. ನಾನು ಬಲಗಡೆ ಎಂದೆ. ಅವರು ನಕ್ಕು, ಹೌದಾ ಎಂದು ಕಿತ್ತು ಈ ಕಡೆಗೆ ಹಚ್ಚಿದರು. ಆಗ ಒಂದು ಯೋಚನೆ ಬಂತು. ನಾನು ಮಂಪರಿನಲ್ಲಿ ಮಲಗಿರುವಾಗ ಹೃದಯ ಯಾವ ಕಡೆಗಿದೆಯೆಂದು ಹೇಳುವವರು ಯಾರು? ಈ ಲೋಕದಲ್ಲಿ ಅದನ್ನು ಕೇಳಿಸಿಕೊಂಡು ಮಲಗಿದವಳು ಒಬ್ಬಳೇ. ನಿನ್ನ ದೊಡ್ಡ ಕ್ಯಾಲ್ಕುಲೇಟರಿನ ಹತ್ತಿರ ನೀನಿರುತ್ತೀಯಲ್ಲ ಎನ್ನುವ ಒಂದೇ ಧೈರ್ಯಕ್ಕೆ ನಾನು ಈ ಮಾದರಿ ಗೀದರಿಗೆಲ್ಲ ಒಪ್ಪಿದ್ದು.

ಜಾಲರಿ ಅಣ್ಣನಿಗೆ ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳು. ಸಾಲಿನಲ್ಲಿ ಒಬ್ಬ ತಪ್ಪು ಕಡೆಗೆ ನಿಂತಿದ್ದರೆ ನಾನೂ ಎಳೆದು ಸರಿ ನಿಲ್ಲಿಸುತ್ತಿದ್ದೆ. ಮಡಿಕೆ ಮೇಡಂ ಅವರ ಕೂಸುಗಳ ಲೆಕ್ಕ ಮತ್ತೆ ಶುರುವಾಯಿತೇ ಎಂದು ವಿಚಾರಿಸು. ಮರೆಯಬೇಡ.

ಭಯವಾಗುತ್ತಿದೆ. ಕೈ ನಿನ್ನದಕ್ಕಿಂತ ಹೆಚ್ಚು ನಡುಗುತ್ತಿದೆ. ಪುಟ್ಟಿ ನೋಡಬಾರದೆಂದು ಅವಳನ್ನು ನೀರು ತರಲು ಕಳಿಸಿದ್ದೇನೆ. ನರ್ಸಮ್ಮ ಸ್ಟ್ರೆಚರಿನ ಕಂಬಿ ಎತ್ತುತ್ತಿದ್ದಾರೆ.

ಇಂತಿ ನಿನ್ನ,
ಡ್ರಿಲ್ ಮೇಷ್ಟ್ರು

ತಾಜಾಕಲಂ: ನನಗೆ ಎಚ್ಚರವಾದ ಮೇಲೆ ಬಂದು ಕಿವಿಯಿಟ್ಟು ಕೇಳು. ತಪಾಸಣೆಗೇ ಆಗಲಿ, ಪರವಾಗಿಲ್ಲ. ಎಚ್ಚರವಾಗದಿದ್ದರೂ ಬಾ.